ಮುತ್ಯಾಲಮ್ಮನ ತಲೆಕೆಳಗಿನ ಹುಲಿ

ಕೋಳಿ ಕೂಗಿದ ಮೇಲೆ ಏಳುವವರೆಲ್ಲ ಸೋಮಾರಿಗಳು ಎಂಬುದು ಮುತ್ಯಾಲಮ್ಮನವರ ಖಚಿತ ಅಭಿಪ್ರಾಯ. ತಮಿಳುನಾಡಿನ ಸೇಲಂನ ಗುಗೈ ಭಾಗದ, ಕನ್ನಡ ಮಾತಾಡುವ ನೇಕಾರರ ಈ ಉದ್ದನೆಯ ಬೀದಿಯಲ್ಲಿ ಇನ್ನೂ ಬೀದಿದೀಪ ಆರಿಲ್ಲ, ಆಗಲೇ ಅವರು ಗಂಜಿಯ ತಪ್ಪಲೆಯನ್ನು ಸೊಂಟಕ್ಕಿಟ್ಟುಕೊಂಡು ಹೊರಗೆ ಬಂದಿದ್ದಾರೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕವೆಗೋಲುಗಳ ಮೇಲೆ ಹಾಸು ಬಿಗಿದು ನಿಂತಿದೆ. ಸೀರೆಯ ಉದ್ದಕ್ಕೆ ಓಡುವ ನೂಲು ಅದು. ಬಿಸಿಲು ಚುರುಕಾಗುವ ಮೊದಲು ಎಳೆಎಳೆಗೂ ಗಂಜಿ ಕುಡಿಸಿ, ಕುಂಚದಲ್ಲಿ ಬಾಚಿ, ಒಣಗಿಸಿ ಮುಗಿಸಬೇಕು. ತಡವಾಯಿತೋ, ನೂಲು ಸೆಟೆದು ತುಂಡಾಗುತ್ತದೆ. ಅಷ್ಟು ಹೊತ್ತಿಗೆ ಹಾಲಿನ ಸೈಕಲ್ಲು, ಶಾಲೆಯ ಮಕ್ಕಳು, ಯಾರದೋ ಎಮ್ಮೆ ಎಲ್ಲವೂ ಬೀದಿಗೆ ನುಗ್ಗುತ್ತವೆ.

“ಏನ್ ತಿಮ್ಮಣ್ಣ, ಆ ಕಡೆ ಬಿಗಿಯಾಗಿ ಎಳಿ! ರಾತ್ರಿ ಉಂಡಿಲ್ವಾ?” ಎಂದು ಮುತ್ಯಾಲಮ್ಮ ಕೂಗುತ್ತಾರೆ.

“ಉಂಡಿದ್ದೀನಿ ಕಣಮ್ಮ. ಆ ಗಂಜಿ ವಸಿ ನಿನ್ ಬಾಯಿಗೂ ಆಕ್ಕೊ, ಬೀದಿ ತಣ್ಣಗಿರ್ತೈತೆ,” ಎನ್ನುತ್ತಾರೆ ಆ ತುದಿಯಲ್ಲಿ ನಿಂತ ತಿಮ್ಮರಾಜು. ಇಬ್ಬರಿಗೂ ಅರವತ್ತು ದಾಟಿದೆ. ಜಗಳವಿಲ್ಲದೆ ಇವರ ಬೆಳಗು ಆಗುವುದಿಲ್ಲ.

ಹಾಸು ಒಣಗಿದ ಮೇಲೆ ಮುತ್ಯಾಲಮ್ಮನವರದು ಇನ್ನೊಂದು ಕೆಲಸ. ಮಗ್ಗದಲ್ಲಿ ನೇಯ್ದು ಮುಗಿದ ಹಳೆಯ ಹಾಸಿನ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೂದಿ ಸವರಿದ ಬೆರಳಲ್ಲಿ ಹೊಸೆದು ಕೂಡಿಸುವುದು. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಅಷ್ಟನ್ನೂ ಮುಗಿಸುವ ತನಕ ಅವರ ಬೆರಳೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಈ ಬೀದಿಯಲ್ಲಿ ನೇಯ್ದ ಸೀರೆ ಉಟ್ಟ ಹೆಂಗಸರಿಗೆ ಆ ಸೀರೆಯಲ್ಲಿ ಈ ಬೆರಳಿನ ಗುರುತು ಕಾಣುವುದೇ ಇಲ್ಲ. ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ.

ಆದರೆ ಇವತ್ತು ಶನಿವಾರ. ಮಧ್ಯಾಹ್ನ ಊಟ ಮುಗಿದದ್ದೇ ಮುತ್ಯಾಲಮ್ಮ ಮುಖ ತೊಳೆದು, ಪೆಟ್ಟಿಗೆಯಿಂದ ಮಡಿಸಿಟ್ಟ ಸೀರೆ ತೆಗೆದು ಉಟ್ಟು, ಬೀದಿಯ ತುದಿಯಲ್ಲಿರುವ ಶಾಲೆಗೆ ಹೊರಡುತ್ತಾರೆ. ಅಲ್ಲಿ ಅವರು ಕಂಪ್ಯೂಟರಿನ ಆಟ ಮಾಡುತ್ತಾರೆ. ಹೌದು ಓದುಗರೇ, ಆಡುವುದಲ್ಲ, ಮಾಡುವುದು. ನಂಬದಿದ್ದರೆ ಗುಗೈಗೆ ಹೋಗಿ ಯಾರನ್ನು ಬೇಕಾದರೂ ಕೇಳಿ. ‘ತಲೆಕೆಳಗಿನ ಹುಲಿ ಮುತ್ಯಾಲಮ್ಮ’ ಎಂದರೆ ಮನೆಯವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ.

ಆ ಶಾಲೆ ಅವರಿಗೆ ಹೊಸದಲ್ಲ. ಮೂರನೆಯ ಕ್ಲಾಸಿನವರೆಗೆ ಅಲ್ಲೇ ಓದಿದವರು. ತಮಿಳು ಶಾಲೆ. ಅಲ್ಲಿ ಹಾಜರಿ ಕೂಗಿದಾಗ ಮಕ್ಕಳು ಎದ್ದು ನಿಂತು ‘ಉಳ್ಳೇನ್ ಐಯಾ’ ಎನ್ನಬೇಕು, ಇದ್ದೇನೆ ಗುರುಗಳೇ ಎಂದು. ಶಾಲೆ ಬಿಟ್ಟ ದಿನವನ್ನು ಮುತ್ಯಾಲಮ್ಮ ನಿನ್ನೆ ಆದಂತೆ ಹೇಳುತ್ತಾರೆ.

“ನಮ್ಮಪ್ಪ ಇವತ್ ಒಂದಿನ ಇಸ್ಕೂಲ್ ಬ್ಯಾಡ, ಗಂಜಿ ಆಕು ಬಾ ಅಂದ್ರು. ಆ ಒಂದಿನ ಮುಗೀಲೇ ಇಲ್ಲ ನೋಡಿ. ಇಲ್ಲೇ ನಿಂತಿದ್ದೆ, ಇದೇ ಜಾಗ. ಕಿಟಕೀಲಿ ವಾತ್ಯಾರು, ಅದೇ ಮೇಷ್ಟ್ರು, ಎಸರು ಕೂಗೋದು ಕೇಳಿಸ್ತು. ಮುತ್ಯಾಲಮ್ಮ ಅಂದ್ರು. ಇನ್ನೊಂದ್ಸಲ ಮುತ್ಯಾಲಮ್ಮ ಅಂದ್ರು. ಕೈ ತುಂಬಾ ಗಂಜಿ, ಏನ್ ಮಾಡ್ಲಿ? ಸುಮ್ನಿದ್ದೆ.”

ಆಮೇಲೆ ಮದುವೆ, ಮಗ್ಗ, ಮಕ್ಕಳು. ಗಂಡನ ಪಕ್ಕದ ಗುಂಡಿಮಗ್ಗದಲ್ಲಿ ಕೂತು ಅಂಚಿನ ಹೂವು, ಸೆರಗಿನ ನವಿಲು ನೇಯ್ದರು. ಗಂಡ ತೀರಿಕೊಂಡರು. ಬೀದಿಗೆ ಪವರ್‌ಲೂಮಿನ ಸದ್ದು ಬಂತು, ಕೈಮಗ್ಗಗಳು ಒಂದೊಂದಾಗಿ ಅಟ್ಟ ಸೇರಿದವು. ಗುಂಡಿಯಲ್ಲಿ ಕಾಲಿಳಿಬಿಟ್ಟು ಮಗ್ಗ ತುಳಿಯುವುದು ನನ್ನಿಂದಾಗದು ಎಂದು ಮಂಡಿಯೂ ಕೈಕೊಟ್ಟಿತು. ಮಂಡಿ ಹೋದರೇನು, ಬೆರಳಿದೆಯಲ್ಲ ಎಂದು ಮುತ್ಯಾಲಮ್ಮ ಬೀದಿಯ ಹಾಸಿನ ಕೆಲಸಕ್ಕೆ ನಿಂತರು. ಕಣ್ಣೀರು ಹಾಕುತ್ತಾ ಕೂರುವ ಜಾಯಮಾನ ಅವರದಲ್ಲ.

ಆಟದ ಕಥೆ ಶುರುವಾದದ್ದು ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ. ಶಾಲೆಗೆ ಯಾವುದೋ ಕಚೇರಿಯವರು ಬಳಸಿ ಬಿಟ್ಟ ಹಳೆಯ ಕಂಪ್ಯೂಟರುಗಳು ಬಂದವು. ಕಲಿಸಲು ಬಂದವರು ರಾಜಗೋಪಾಲ್ ಮೇಷ್ಟ್ರು, ತೊಪ್ಪೂರು ಘಾಟಿಯ ಆಚೆಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ತರುಣ. ‘ಸುಮ್ಮನೆ ಕೂಡುವ ಕಳೆಯುವ ಲೆಕ್ಕ ಯಾಕೆ, ನಿಮ್ಮ ಬೀದಿಯದೇ ಒಂದು ಆಟವನ್ನು ಇದರೊಳಗೆ ಮಾಡಿ’ ಎಂದರು. ಎಂಟನೆಯ ಕ್ಲಾಸಿನ ಮಕ್ಕಳು ಆಡು-ಹುಲಿ ಆಟ ಆರಿಸಿದರು. ಮೂರು ಹುಲಿ, ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ತಿನ್ನುತ್ತದೆ, ಆಡುಗಳು ಸುತ್ತುಗಟ್ಟಿ ಹುಲಿಯನ್ನು ಅಲುಗದಂತೆ ಮಾಡಬೇಕು. ಆರಿಸಿದ್ದೇನೋ ಆಯಿತು, ಪೂರ್ತಿ ಆಡಲು ಒಬ್ಬರಿಗೂ ಬರದು! ಹಾಸು ಒಣಗುವ ಹೊತ್ತಿನಲ್ಲಿ ಜಗುಲಿ ಕಲ್ಲಿನ ಮೇಲೆ ಹುಣಸೆಬೀಜ ಇಟ್ಟುಕೊಂಡು ಅದನ್ನು ಆಡುತ್ತಿದ್ದವರು ಮುದುಕರು ಮಾತ್ರ.

ಮಕ್ಕಳ ಪೈಕಿ ಮುಂದಾಳು ಇಂದುಜಾ, ಮುತ್ಯಾಲಮ್ಮನ ಮನೆಗೆ ಎರಡು ಮನೆ ಆಚೆಯವಳು. ಮನೆಯ ಮಾತು ಕನ್ನಡವೇ ಆದರೂ ನಾಲಿಗೆ ಓಡುವುದು ತಮಿಳಿನಲ್ಲಿ. ಅವಳು ಜಗುಲಿಗೆ ಬಂದು, ಅಜ್ಜಿಯನ್ನು ತಮಿಳಿನಲ್ಲೇ ಕರೆದು, “ಪಾಟಿ, ಆಡು-ಪುಲಿ ಆಟದ ರೂಲ್ಸ್ ಎಲ್ಲಾ ಸೊಲ್ಲುಂಗೊ, ಕಂಪ್ಯೂಟರ್ ಒಳಗೆ ಹಾಕ್ಬೇಕು,” ಎಂದಳು.

“ಪೆಟ್ಟಿಗೆ ಒಳಕ್ಕೆ ಆಟ ಆಕ್ತೀಯಾ? ಅದೇನ್ ಉಪ್ಪಿನಕಾಯಾ, ಜಾಡೀಗ್ ಆಕಕ್ಕೆ? ನಡಿ, ನಾನೇ ಬಂದ್ ನೋಡ್ತೀನಿ,” ಎಂದು ಮುತ್ಯಾಲಮ್ಮ ಎದ್ದೇಬಿಟ್ಟರು. ತಮಾಷೆ ನೋಡಲು ತಿಮ್ಮರಾಜು ಹಿಂದೆ ಬಿದ್ದರು. ಅವರ ಹಿಂದೆ ಜಗುಲಿಯ ಇನ್ನೂ ನಾಲ್ಕಾರು ಮಂದಿ. ಶನಿವಾರದ ಕ್ಲಾಸು ಹೀಗೆ ಹುಟ್ಟಿತು.

ಯಾರು ಯಾರಿಗೆ ಕಲಿಸಿದರು ಎಂದು ಕೇಳಿದರೆ ಮಕ್ಕಳೂ ಮುದುಕರೂ ನಾವೇ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರ ಕಂಡರಿಯದ ಮುತ್ಯಾಲಮ್ಮನಿಗೆ ಇಂದುಜಾ ಕೀಬೋರ್ಡನ್ನು ಆಟದ ಮನೆಗಳ ಹಾಗೆ ಹೇಳಿಕೊಟ್ಟಳು. ಈ ಸಾಲಿನ ಮೊದಲ ಮನೆ ‘ಎ’, ಅದರ ಪಕ್ಕದ ಮನೆ ‘ಎಸ್’. ವಾರ ಕಳೆಯುವಷ್ಟರಲ್ಲಿ ಅಜ್ಜಿ ತನ್ನ ಹೆಸರನ್ನು ತಾನೇ ಒತ್ತಿ, ಪರದೆಯ ಮೇಲೆ ಅದು ಮೂಡಿದ್ದನ್ನು ಕಂಡು, “ಅಯ್ಯೋ ಶಿವನೇ, ನಾನೂ ಇಂಗ್ಲಿಷ್ ಆಗ್ಬುಟ್ಟೆ!” ಎಂದು ಬಾಯ ಮೇಲೆ ಕೈಯಿಟ್ಟುಕೊಂಡರು. ತಿಮ್ಮರಾಜು ಇಡೀ ಬೀದಿಗೆ ಗೊತ್ತಿದ್ದ ಕಳ್ಳಾಟಗಾರ. ಮೊಣಕೈಯಲ್ಲಿ ಹುಲಿಯನ್ನು ಸರಿಸುವುದು, ಕೆಮ್ಮುತ್ತಾ ಸತ್ತ ಆಡನ್ನು ಮತ್ತೆ ಇಡುವುದು, ಎಲ್ಲದರಲ್ಲೂ ನಿಸ್ಸೀಮ. ಮಕ್ಕಳು ಅವರನ್ನು ಕೂರಿಸಿಕೊಂಡು ಒಂದೊಂದೇ ಕಳ್ಳಾಟ ಕೇಳಿ, ಒಂದೊಂದಕ್ಕೂ ಬೇಲಿ ಹಾಕಿದರು. “ಬದುಕಿರೋವಾಗ್ಲೇ ನನ್ ಪಾಪ ಎಲ್ಲಾ ಒಪ್ಪಿಸ್ಬುಟ್ಟೆ. ಈ ಪೆಟ್ಟಿಗೆ ಮುಂದೆ ಒಂದೂ ನಡಿಯಾಕಿಲ್ಲ,” ಎಂದು ಅವರು ಈಗಲೂ ಗೊಣಗುತ್ತಾರೆ.

ಜಗಳವೂ ಆಗುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಧನಶೇಖರ್ ಎಂಬ ಹುಡುಗನಿಗೆ ಆಡುಗಳ ಕೈಗೆ ಬಂದೂಕು ಕೊಡುವ ಆಸೆ. “ಆಡು ಬಂದೂಕ ಇಡ್ಕೊಂಡ್ ಮ್ಯಾಲೆ ಉಲಿ ಯಾಕ್ ಬರ್ತೈತೆ? ಮನೇಲ್ ಮಲಗ್ತೈತೆ,” ಎಂದು ಮುತ್ಯಾಲಮ್ಮ ತೀರ್ಪು ಕೊಟ್ಟರು. ಬೀದಿಯ ಒಂದು ಕಟ್ಟಳೆಯನ್ನು ಮಾತ್ರ ಎಲ್ಲರೂ ಒಪ್ಪಿ ಉಳಿಸಿಕೊಂಡರು. ಹುಲಿ ಹಿಡಿದವನು ಒಬ್ಬನೇ ಯೋಚಿಸಬೇಕು, ಅವನಿಗೆ ಯಾರೂ ಹೇಳಿಕೊಡುವ ಹಾಗಿಲ್ಲ. ಆಡು ಹಿಡಿದವರು ಎಷ್ಟು ಜನರಾದರೂ ಕೂಡಿ ಮಾತಾಡಬಹುದು.

ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದಾಗಲೇ ಒಂದು ಶನಿವಾರ ಕಂಪ್ಯೂಟರೊಂದು ಫ್ಲಾಪಿ ಓದುವುದನ್ನು ನಿಲ್ಲಿಸಿತು. ಬಿಚ್ಚಿ ನೋಡಿದರೆ ಒಳಗೆ ನೂಲಿನ ಧೂಳು. ಶಾಲೆಯ ಆಡಳಿತ ಸಮಿತಿಯ ಕಾರ್ಯದರ್ಶಿ ಪಳನಿಯಪ್ಪನ್ ಬಂದು ನೋಡಿದರು. ಕೆಟ್ಟವರೇನಲ್ಲ, ಆದರೆ ಆ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿನಿಂದ ಅವರಿಗೆ ಮೂಗಿಗಿಂತ ಮೂಗುತಿ ಭಾರವಾಗಿತ್ತು. ಹಾಸಿನ ಕೆಲಸದವರ ಸೀರೆ, ಪಂಚೆಯಿಂದಲೇ ಧೂಳು ಬರುತ್ತಿದೆ, ಇನ್ನು ಮೇಲೆ ದೊಡ್ಡವರು ಒಳಗೆ ಬರುವಂತಿಲ್ಲ ಎಂದರು.

ಮುತ್ಯಾಲಮ್ಮನಿಗೆ ಅದು ಎದೆಗೇ ನಾಟಿತು. “ಆವಾಗ ಕೈಯಾಗೆ ಗಂಜಿ ಐತೆ ಅಂತ ಓಗ್ಲಿಲ್ಲ. ಈಗ ಸೀರೇನಾಗೆ ಧೂಳ್ ಐತೆ ಅಂತ ಕಳಿಸ್ತಾರೆ. ನೇಯೋಳ್ ಮೈಯಾಗೆ ನೂಲಿಲ್ದೆ ಇನ್ನೇನಿರ್ತೈತೆ?” ಎಂದು ಮನೆಗೆ ಬಂದು ಅತ್ತೇಬಿಟ್ಟರಂತೆ. ಇದನ್ನು ಹೇಳಿದ್ದು ಅವರಲ್ಲ, ತಿಮ್ಮರಾಜು.

ರಾಜಗೋಪಾಲ್ ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಕಾರ್ಯದರ್ಶಿಯ ಮನೆ ಬಾಗಿಲಿಗೆ ಹೋಗಿ ಒಂದು ಮಾತು ಪಡೆದುಕೊಂಡು ಬಂದರು. ಶಾಲೆಯ ವಾರ್ಷಿಕೋತ್ಸವದ ದಿನ ಆಟವನ್ನು ಎಲ್ಲರೆದುರು ಇಡಬೇಕು. ಬಂದವರಲ್ಲಿ ಯಾರು ಕೂತರೂ ತಪ್ಪಿಲ್ಲದೆ ಅದು ನಡೆಯಬೇಕು. ನಡೆದರೆ ದೊಡ್ಡವರಿಗೆ ಶನಿವಾರದ ಬಾಗಿಲು ತೆರೆದಿರುತ್ತದೆ. ಇಲ್ಲವಾದರೆ ಮುಚ್ಚಿದ್ದು ಮುಚ್ಚಿದ ಹಾಗೆ. ಅಲ್ಲಿಯವರೆಗೆ ದೊಡ್ಡವರಿಗೆ ಕೋಣೆಯ ಹೊರಗೆ, ಕಿಟಕಿಯ ಕೆಳಗಿನ ಪಡಸಾಲೆಯೇ ಗತಿ.

ಅಲ್ಲೂ ತಿಮ್ಮರಾಜು ಬಾಯಿ ಸುಮ್ಮನಿರಲಿಲ್ಲ. ಕಿಟಕಿಯಲ್ಲಿ ಇಣುಕಿ, ಮಕ್ಕಳು ಬರೆದಿದ್ದ ಹುಲಿಯ ಚಿತ್ರ ನೋಡಿ, “ಇದು ಉಲಿ ಅಲ್ಲ ಬಿಡ್ರಿ, ಆಲು ಕದ್ದು ಸಿಕ್ಕಾಕ್ಕೊಂಡ ಬೆಕ್ಕು,” ಎಂದುಬಿಟ್ಟರು. ಮಾತು ಬೀದಿಯಲ್ಲಿ ಹರಡಿತು. ಮುತ್ಯಾಲಮ್ಮನಿಗೆ ತಡೆಯಲಿಲ್ಲ. ಉತ್ಸವಕ್ಕೆ ಒಂದು ದಿನ ಇರುವಾಗ, ಸೆರಗಿನ ನವಿಲಿಗೆ ಬರೆಯುವಂಥದೇ ಚೌಕುಳಿ ಕಾಗದದಲ್ಲಿ ಒಂದು ಹುಲಿ ಬರೆದರು. ಉಬ್ಬಿದ ಕೆನ್ನೆ, ಪಟ್ಟೆ, ಮೇಲಕ್ಕೆ ಸೆಟೆದ ಬಾಲ. ಅಪ್ಪಟ ಹುಲಿ! ಸಂಜೆ ಕಿಟಕಿಯ ಕೆಳಗೆ ಕೂತು ಒಂದೊಂದು ಸಾಲನ್ನೂ ಕೂಗಿ ಹೇಳಿದರು. “ಎರಡು ಬಿಡು, ಮೂರು ತುಂಬು, ಒಂದು ಬಿಡು…” ಒಳಗೆ ಇಂದುಜಾ ಬರೀ ಚುಕ್ಕಿಗಳ ಸಾಲುಗಳಾಗಿ ಒತ್ತುತ್ತಾ ಹೋದಳು, ಅದು ಹುಲಿಯಾಗಿ ಕಾಣುವುದು ಆಟ ನಡೆಸಿದಾಗಲೇ. ಕೊನೆಯ ಸಾಲು ಮುಗಿದು, ಎಲ್ಲವನ್ನೂ ಉಳಿಸಿಟ್ಟಳು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಹುಲಿಯನ್ನು ಯಾರೂ ನೋಡಲಾಗಲಿಲ್ಲ. ಬೆಳಿಗ್ಗೆ ನೋಡಿದರಾಯಿತು ಎಂದುಕೊಂಡರು. ಬೆಳಿಗ್ಗೆ ಕರೆಂಟೂ ಅತಿಥಿಗಳೂ ಒಟ್ಟಿಗೇ ಬಂದರು.

ಉತ್ಸವದ ದಿನದ ಪಡಸಾಲೆಯನ್ನು ಕಣ್ಣಿಗೆ ತಂದುಕೊಳ್ಳಿ. ಮೇಜಿನ ಮೇಲೆ ಒಂದು ಕಂಪ್ಯೂಟರು, ಮುಂದೆ ಕುರ್ಚಿಯಲ್ಲಿ ಪಳನಿಯಪ್ಪನ್, ಹಿಂದೆ ಇಡೀ ಬೀದಿ. ಪರದೆ ಚಿಕ್ಕದು, ಮುಂದಿದ್ದವರು ನೋಡಿ ಹಿಂದಿದ್ದವರಿಗೆ ಹೇಳಬೇಕು. ಇಂದುಜಾ ಗುಂಡಿ ಒತ್ತುತ್ತಾಳೆ. ಆಟದ ಮನೆಗಳನ್ನು ಕೂಡಿಸುವ ಗೆರೆಗಳ ಗೋಪುರ ಮೂಡುತ್ತದೆ. ಅದರ ನೆತ್ತಿಯ ಮೇಲೆ ಹುಲಿ ಮೂಡುತ್ತದೆ, ನಾಲ್ಕೂ ಕಾಲು ಆಕಾಶಕ್ಕೆ, ತಲೆ ನೆಲಕ್ಕೆ!

“ಎನ್ನಮ್ಮಾ ಇದು, ಪುಲಿ ತಲೆಕೀಳಾ ನಿಕ್ಕುದು?” ಎನ್ನುತ್ತಾರೆ ಪಳನಿಯಪ್ಪನ್. ಹುಲಿ ತಲೆಕೆಳಗಾಗಿ ನಿಂತಿದೆ ಎಂಬ ಸುದ್ದಿ ಮುಂದಿನಿಂದ ಹಿಂದಕ್ಕೆ ಹರಿದು, ನಗು ಹಿಂದಿನಿಂದ ಮುಂದಕ್ಕೆ ಬರುತ್ತದೆ. ಇಂದುಜಾಳ ಕಣ್ಣು ತುಂಬಿದೆ. ರಾಜಗೋಪಾಲ್ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿದೆ. ಕಾರ್ಯದರ್ಶಿ ಕುರ್ಚಿಯಿಂದ ಅರ್ಧ ಎದ್ದಿದ್ದಾರೆ.

ಮುತ್ಯಾಲಮ್ಮನಿಗೆ ಒಂದು ಗಳಿಗೆಯಲ್ಲಿ ಎಲ್ಲ ಹೊಳೆದುಹೋಗುತ್ತದೆ. ಮಗ್ಗದಲ್ಲಿ ಬಟ್ಟೆ ಬೆಳೆಯುವುದು ನೇಯುವವರ ಹೊಟ್ಟೆಯ ಬಳಿಯಿಂದ. ಅದಕ್ಕೇ ಎಲ್ಲ ನೇಕಾರರೂ ಚಿತ್ರದ ಕಾಗದವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಾರೆ. ಅವರೂ ಹಾಗೇ ಓದಿದ್ದರು. ಕಂಪ್ಯೂಟರು ಮೇಲಿನಿಂದ ಕೆಳಕ್ಕೆ ಬರೆಯುತ್ತದೆ. ಕಾಗದವನ್ನೂ ಪರದೆಯನ್ನೂ ಒಟ್ಟಿಗೆ ನೋಡಿದವರು ಒಬ್ಬರೂ ಇರಲಿಲ್ಲ.

“ತಪ್ಪು ನಂದು ಸ್ವಾಮಿ, ಮಕ್ಕಳದಲ್ಲ,” ಎಂದು ಅವರು ಜನರನ್ನು ಸರಿಸಿಕೊಂಡು ಮುಂದೆ ಬರುತ್ತಾರೆ. “ಮಗ್ಗದ್ ಬುದ್ಧಿ, ಕೆಳಗಿಂದ ಓದ್ಬುಟ್ಟೆ. ಆದ್ರೆ ಒಂದ್ ಮಾತು. ಕಿಟಕಿ ಆಚೆ ಕೂತಿದ್ದೆ, ಪರದೆ ಕಾಣ್ಲಿಲ್ಲ. ನನ್ನ ಒಳಗ್ ಬಿಟ್ಟಿದ್ರೆ ಮೊದಲನೇ ಸಾಲಿಗೇ ಗೊತ್ತಾಗ್ತಿತ್ತು. ವಸಿ ಟೈಮ್ ಕೊಡಿ, ಓಗ್ಬ್ಯಾಡಿ.”

ಕಾರ್ಯದರ್ಶಿ ಅವರ ಮುಖ ನೋಡುತ್ತಾರೆ. ಏನು ಅನಿಸಿತೋ, ಮತ್ತೆ ಕೂರುತ್ತಾರೆ. ಇಂದುಜಾ ಕಣ್ಣೊರೆಸಿಕೊಂಡು ಸಾಲುಗಳನ್ನು ತಿರುಗಿಸಲು ಹೊರಟಾಗ ಮುತ್ಯಾಲಮ್ಮ ಅವಳ ಕೈ ಹಿಡಿಯುತ್ತಾರೆ.

“ಮಗಾ, ಆ ತಲೆಕೆಳಗಿನ ಉಲೀನ ಅಳಿಸ್ಬ್ಯಾಡ. ಮಡಗಿರು. ಆಡುಗೋಳು ಸುತ್ತಾಕ್ಕೊಂಡು, ಅಲ್ಲಾಡಕ್ಕಾಗ್ದೆ ಬಿದ್ದೋಯ್ತದಲ್ಲ, ಆ ಉಲಿ ಇಂಗೇ ಆಗ್ಲಿ.”

ಇಂದುಜಾ “ಸೂಪರ್ ಪಾಟಿ!” ಎಂದು ಕಿರುಚಿ, ಕೀಲಿಗಳ ಮೇಲೆ ಬೀಳುತ್ತಾಳೆ. ಸಿಕ್ಕಿಬಿದ್ದ ಹುಲಿ ಯಾವುದೆಂದು ಲೆಕ್ಕ ಇಡುವ ಕೆಲಸವನ್ನು ಆಟ ಮೊದಲೇ ಮಾಡುತ್ತಿತ್ತು. ಆ ಜಾಗದಲ್ಲಿ ಈ ಚಿತ್ರ ಸೇರಿಸಿದರೆ ಸಾಕು. ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಕೈ ಹಾಕುವುದಿಲ್ಲ. ಗುಂಡಿ ಒತ್ತಿದರೆ, ಈ ಸಲ ಹುಲಿ ತನ್ನ ನಾಲ್ಕು ಕಾಲಿನ ಮೇಲೆ ನಿಂತು ಎಲ್ಲರನ್ನೂ ದುರುಗುಟ್ಟಿ ನೋಡುತ್ತದೆ.

ಪಳನಿಯಪ್ಪನ್ ಹುಲಿ ಹಿಡಿಯುತ್ತಾರೆ. ಚಿಕ್ಕಂದಿನಲ್ಲಿ ಇದೇ ಆಟ ಆಡಿ ಬೆಳೆದ ಕೈ, ಕಣ್ಣು ಮಿಟುಕಿಸುವುದರೊಳಗೆ ಆಡೊಂದು ಮಾಯ. ಮತ್ತೊಂದು. ಮುತ್ಯಾಲಮ್ಮನ ಹಣೆಯಲ್ಲಿ ಬೆವರು. ಆಗ ಕಟ್ಟಳೆ ನೆನಪಾಗಿ, “ಲೇ, ಸುಮ್ನೆ ಯಾಕ್ ನಿಂತಿದ್ದೀರಾ? ಎಲ್ಲಾ ಆಡಿನ್ ಕಡೆಯೋರೇ ಅಲ್ವಾ? ಬಾಯ್ ಬಿಡ್ರಿ!” ಎನ್ನುತ್ತಾರೆ. ಅಷ್ಟು ಸಾಕಾಯಿತು. ಮುದುಕರು ಕನ್ನಡದಲ್ಲಿ, ಮಕ್ಕಳು ತಮಿಳಿನಲ್ಲಿ, ಇಡೀ ಪಡಸಾಲೆ ಒಂದೇ ಸಮ ಕೂಗುತ್ತದೆ. ಕಾರ್ಯದರ್ಶಿಯ ಹೆಂಡತಿ ಚೆಲ್ಲಮ್ಮನವರೂ ಆಡಿನ ಕಡೆ. “ಆ ಮೂಲೇಗ್ ಇಡಮ್ಮಾ, ಇವರಿಗೆ ಆ ಮೂಲೆ ಯಾವತ್ತೂ ಕಣ್ಣಿಗ್ ಬೀಳಲ್ಲ!” ಎಂದು ಮನೆಯ ಗುಟ್ಟನ್ನು ಬೀದಿಗೆ ಹಾಕುತ್ತಾರೆ. ಮುತ್ಯಾಲಮ್ಮ ಕೇಳಿ, ತೂಗಿ, ಇಂದುಜಾಳ ಕಡೆ ನೋಡಿ, ಅವಳು ತಲೆಯಾಡಿಸಿದ ಮೇಲೆ ಒಂದೊಂದು ಆಡನ್ನೂ ನಡೆಸುತ್ತಾರೆ.

ಮೊದಲನೆಯ ಹುಲಿ ಸಿಕ್ಕಿಬೀಳುತ್ತದೆ. ಪಟಕ್ಕನೆ ಮಗುಚಿ ಕಾಲು ಮೇಲೆ ಮಾಡುತ್ತದೆ! ಪಡಸಾಲೆ ಹೋ ಎನ್ನುತ್ತದೆ. ಎರಡನೆಯದೂ ಮಗುಚುತ್ತದೆ. ಮೂರನೆಯ ಹುಲಿಗೆ ಪಳನಿಯಪ್ಪನ್ ದಾರಿ ಹುಡುಕುತ್ತಾರೆ, ಗಲ್ಲ ಕೆರೆದುಕೊಳ್ಳುತ್ತಾರೆ, ಇಲ್ಲದ ಮನೆಗೆ ನುಗ್ಗಿಸಲು ನೋಡುತ್ತಾರೆ, ಪೆಟ್ಟಿಗೆ ಕೀಂಯ್ ಎಂದು ಬೈಯುತ್ತದೆ. ಕಡೆಗೆ ಅದೂ ಮಗುಚಿಕೊಳ್ಳುತ್ತದೆ. ಮಕ್ಕಳು ಮುತ್ಯಾಲಮ್ಮನನ್ನು ಎತ್ತಿಬಿಡುತ್ತಾರೆ. “ಇಳಿಸ್ರೋ, ಮಂಡಿ, ಮಂಡಿ!” ಎಂದು ಅವರು ಕೂಗುತ್ತಿದ್ದರೂ ಮುಖದ ತುಂಬ ನಗು. ಆ ಗದ್ದಲದ ನಡುವೆ ಕಾರ್ಯದರ್ಶಿ ಕುರ್ಚಿ ಬಿಟ್ಟೇಳದೆ, ಪಂಚೆ ಮೇಲಕ್ಕೆಳೆದುಕೊಂಡು ಒಂದೇ ಮಾತು ಹೇಳುತ್ತಾರೆ: “ಇನ್ನೊಂದು ಆಟ.”

ಬಾಗಿಲು ಅವತ್ತೇ ತೆರೆಯಿತು. ಈಗ ಶನಿವಾರದ ಕೋಣೆಯ ಹೊಸ್ತಿಲಲ್ಲಿ ಒಂದು ಒದ್ದೆ ಟವಲ್ಲು ನೇತಾಡುತ್ತದೆ. ಬಟ್ಟೆ ಕೊಡವಿ, ಕೈಕಾಲು ಒರೆಸಿ ಒಳಗೆ ಬರಬೇಕು. ಇದು ಮುತ್ಯಾಲಮ್ಮನವರೇ ತಂದ ಕಾನೂನು, ಕಾವಲಿಗೆ ನಿಲ್ಲುವವರೂ ಅವರೇ. ಪಳನಿಯಪ್ಪನ್ ವಾರವಾರವೂ ಹುಲಿ ಹಿಡಿಯಲು ಬರುತ್ತಾರೆ. “ಶಲ್ಯ ಕೊಡವ್ಕೊಂಡು ಬನ್ನಿ ಸ್ವಾಮಿ,” ಎಂದು ಅವರನ್ನೂ ಬಾಗಿಲಲ್ಲೇ ತಡೆಯುತ್ತಾರೆ. ಆಟ ಫ್ಲಾಪಿಯಲ್ಲಿ ಬೇರೆ ಶಾಲೆಗಳಿಗೂ ಹೋಗಿದೆ. ಧರ್ಮಪುರಿಯ ಮಕ್ಕಳೂ ತಲೆಕೆಳಗಿನ ಹುಲಿ ಕಂಡು ಚಪ್ಪಾಳೆ ತಟ್ಟುತ್ತಾರಂತೆ. ಮುಂದಿನ ಆಟ ಅಳಗುಳಿ ಮಣೆ. ಇಂದುಜಾ ತಮಿಳಿನಲ್ಲೇ ಪಟಪಟ ಮಾತಾಡುತ್ತಿರುತ್ತಾಳೆ, ಚಿತ್ರ ತುಂಬಿಸಲು ಕೂತರೆ ಮಾತ್ರ ‘ಎರಡು ಬಿಡು, ಮೂರು ತುಂಬು’ ಎಂದೇ ಎಣಿಸುತ್ತಾಳೆ. ಆಮೇಲೆ ತಿರುಗಿ ಕೇಳುತ್ತಾಳೆ, “ಪಾಟಿ, ಮೇಲಿಂದ ತಾನೇ?”

ಇವತ್ತಿನ ಕ್ಲಾಸಿನಲ್ಲಿ, ಇಷ್ಟೆಲ್ಲ ಆದ ಮೇಲೆ ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಮುತ್ಯಾಲಮ್ಮ ಮೊದಲು ಏನೂ ಇಲ್ಲ ಎನ್ನುತ್ತಾರೆ. ಸೆರಗಿನ ತುದಿ ಹೊಸೆಯುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ. “ಮೇಷ್ಟ್ರು ಮಕ್ಕಳ್ ಎಸರೆಲ್ಲಾ ಕೂಗ್ತಾರೆ. ನಾವ್ ಸುಮ್ನೆ ಕೂತಿರ್ತೀವಿ. ನನ್ ಎಸರೂ ಒಂದ್ಸಲ ಕೂಗಿದ್ರೆ ಆಗಿತ್ತು. ಅಷ್ಟೇಯ.”

ಪಕ್ಕದಲ್ಲಿ ಕೀಬೋರ್ಡು ಒರೆಸುತ್ತಿದ್ದ ರಾಜಗೋಪಾಲ್ ಮೇಷ್ಟ್ರು ತಲೆಯೆತ್ತುತ್ತಾರೆ. ಹಾಜರಿ ಪುಸ್ತಕ ತೆರೆಯುತ್ತಾರೆ. ಇಂದುಜಾ, ಧನಶೇಖರ್ ಎಂದು ಒಬ್ಬೊಬ್ಬರನ್ನೇ ಕೂಗುತ್ತಾರೆ, ಒಬ್ಬೊಬ್ಬರೇ ಎದ್ದು ನಿಂತು ಉತ್ತರ ಕೊಟ್ಟು ಕೂರುತ್ತಾರೆ. ಮಕ್ಕಳ ಹೆಸರು ಮುಗಿಯುತ್ತದೆ. ಮೇಷ್ಟ್ರು ಪೆನ್ನು ತೆಗೆದು ಕೆಳಗೆ ಒಂದು ಸಾಲು ಬರೆದು, ಕೂಗುತ್ತಾರೆ.

“ಮುತ್ಯಾಲಮ್ಮ.”

ಮೇಜಿಗೆ ಕೈಯೂರಿ, ನೋಯುವ ಮಂಡಿಯನ್ನು ಬೈದುಕೊಂಡು, ಅರವತ್ತಮೂರರ ಆ ಹುಡುಗಿ ನೆಟ್ಟಗೆ ಎದ್ದು ನಿಲ್ಲುತ್ತಾರೆ. ಕಿಟಕಿ ತೆರೆದಿದೆ, ಹೊರಗೆ ಬೀದಿಯಲ್ಲಿ ಯಾರದೋ ಹಾಸು ಒಣಗುತ್ತಿದೆ.

“ಉಳ್ಳೇನ್ ಐಯಾ!” ಎನ್ನುತ್ತಾರೆ ಮುತ್ಯಾಲಮ್ಮ, ಬೀದಿಗೆಲ್ಲ ಕೇಳುವ ಹಾಗೆ.